ಚೀನಾದ ನವಮಿ

ಸಾವಿತ್ರವ್ವನಿಗೆ ಬೇಕಾಗಿದ್ದದ್ದು ಒಂದೇ: ಸೊಸೆ ದೀಪಾಳ ತಲೆಯಲ್ಲಿ ಮತ್ತೊಮ್ಮೆ ಹೂವು ನೋಡಬೇಕು. ಮಾರುಗಟ್ಟಲೆ ಬೇಡ, ಮಲ್ಲಿಗೆಯೇ ಆಗಬೇಕೆಂದೂ ಇಲ್ಲ. ಒಂದು ಹೂವು ಸಾಕು.

ದೊಡ್ಡ ಆಸೆಯೇನಲ್ಲ. ಆದರೆ ಕುಲಗೋಡದಂಥ ಊರಿನಲ್ಲಿ ಗಂಡ ಸತ್ತವಳ ತಲೆಗೆ ಹೂವು ಏರಿಸುವುದಕ್ಕಿಂತ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಗುಡ್ಡ ಹತ್ತಿಸುವುದು ಸುಲಭ. ಎರಡು ವರ್ಷದ ಹಿಂದೆ ಮಗ ಸಿದ್ರಾಯ ಮೋಟಾರ್ ಸೈಕಲ್ಲಿನಿಂದ ಬಿದ್ದು ತೀರಿಕೊಂಡಾಗ, ಹನ್ನೊಂದನೆಯ ದಿನ ದೀಪಾಳ ಹೂವು ತೆಗೆದದ್ದು ಸಾವಿತ್ರವ್ವನದೇ ಕೈ. ಸುತ್ತ ನಿಂತ ಹೆಂಗಸರಲ್ಲಿ ಯಾರಾದರೂ ಕಿತ್ತು ತೆಗೆಯುವ ಮೊದಲು ತಾನೇ ಮೆಲ್ಲಗೆ ತೆಗೆದರೆ ಮೇಲು ಎಂದುಕೊಂಡಿದ್ದಳು. ಅವಳು ತನ್ನ ಗಂಡನನ್ನು ಕಳೆದುಕೊಂಡು ಆಗಲೇ ಹದಿನೇಳು ವರ್ಷವಾಗಿತ್ತು. ಕಿತ್ತು ತೆಗೆದರೆ ಹೇಗಾಗುತ್ತದೆಂದು ಗೊತ್ತಿತ್ತು. ಮೆಲ್ಲಗೆ ತೆಗೆದರೂ ಹಾಗೆಯೇ ಆಗುತ್ತದೆಂದು ಆಮೇಲೆ ಗೊತ್ತಾಯಿತು.

ದೀಪಾ ಧಾರವಾಡದಲ್ಲಿ ಇತಿಹಾಸ ಓದಿದವಳು, ಮೂಡಲಗಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗುವಳು, ಸಂಜೆಯ ಬಸ್ಸಿಗೆ ಬರುವಳು. ಅಳುತ್ತಿರಲಿಲ್ಲ, ಸಿಡುಕುತ್ತಿರಲಿಲ್ಲ. ಉಣ್ಣು ಅಂದರೆ ಉಣ್ಣುವಳು. ಮಾತು ಮಾತ್ರ ಉಪ್ಪಿನ ಹಾಗೆ, ಚಿಟಿಕೆಯಷ್ಟು. ‘ಹೂಂರಿ’, ‘ಇಲ್ರಿ’, ‘ಆತ್ರಿ’, ಈ ಮೂರರಲ್ಲಿ ಅವಳ ದಿನ ಮುಗಿಯುತ್ತಿತ್ತು.

ಸಾವಿತ್ರವ್ವ ಎರಡು ಸಲ ಪ್ರಯತ್ನ ಮಾಡಿ ನೋಡಿದ್ದಳು. ಯುಗಾದಿಯ ದಿನ ಕನ್ನಡಿಯ ಮುಂದೆ ಒಂದು ಗೇಣು ಮಲ್ಲಿಗೆ ಇಟ್ಟು, ಏನೂ ಗೊತ್ತಿಲ್ಲದವಳಂತೆ ಹಿತ್ತಲಿಗೆ ಹೋದಳು. ಬಂದು ನೋಡಿದರೆ ಮಲ್ಲಿಗೆ ದೇವರ ಜಗುಲಿಯ ಮೇಲಿತ್ತು. ಪಂಚಮಿಯ ದಿನ ಗುಲಾಬಿ ಇಟ್ಟಳು. ಅದು ಎಮ್ಮೆ ಕರುವಿನ ಕೊರಳಲ್ಲಿ ಸಿಕ್ಕಿತು. ಕರು ಚಂದವಾಗಿಯೇ ಕಾಣುತ್ತಿತ್ತು, ಅದು ಬೇರೆ ಮಾತು.

ಗೋಕಾಕದಿಂದ ಹೊರಡುವ ಮಕ್ಕಳ ಮಾಸಿಕವೊಂದಕ್ಕೆ ದೀಪಾ ತಿಂಗಳಿಗೊಂದು ಪುಟ ಬರೆಯುತ್ತಿದ್ದಳು, ದೇಶದೇಶದ ಹಬ್ಬಗಳ ಮೇಲೆ. ಬರೆದದ್ದು ಮಕ್ಕಳಿಗೆ ತಿಳಿಯುತ್ತದೋ ಇಲ್ಲವೋ ಎಂದು ನೋಡಲು ನಾಲ್ಕನೆಯ ಇಯತ್ತೆ ಕಲಿತ ಅತ್ತೆಗೆ ಓದಿ ಹೇಳುವಳು. ಅವಳ ದನಿ ಉದ್ದಕ್ಕೆ ಕೇಳುವುದು ಆಗ ಮಾತ್ರ. ಅದಕ್ಕಾಗಿ ಸಾವಿತ್ರವ್ವ ಯಾವ ದೇಶದ ಹಬ್ಬವನ್ನಾದರೂ ಕೇಳಲು ತಯಾರಿದ್ದಳು.

ಆ ತಿಂಗಳು ಬಂದದ್ದು ಚೀನಾ.

“ಚೀನಾದವರ ಪಂಚಾಂಗದಲ್ಲಿ ಒಂಬತ್ತನೆಯ ತಿಂಗಳ ಒಂಬತ್ತನೆಯ ದಿನ ಒಂದು ಹಬ್ಬ,” ದೀಪಾ ಓದಿದಳು. “ಎರಡು ಒಂಬತ್ತು ಕೂಡುವ ದಿನವಾದ್ದರಿಂದ ಅದಕ್ಕೆ ಜೋಡಿ ಒಂಬತ್ತಿನ ಹಬ್ಬ ಎನ್ನುತ್ತಾರೆ. ಬಹಳ ಹಿಂದೆ ಹ್ವಾನ್ ಜಿಂಗ್ ಎಂಬವನೊಬ್ಬನಿದ್ದ. ಅವನ ಗುರು ಒಂದು ದಿನ ಅವನನ್ನು ಕರೆದು, ಒಂಬತ್ತರ ದಿನ ನಿನ್ನ ಮನೆಗೆ ದೊಡ್ಡ ಕೇಡು ಬರಲಿದೆ. ಎಲ್ಲರೂ ಕೆಂಪು ಚೀಲದಲ್ಲಿ ಔಷಧಿಯ ಕಾಯಿ ತುಂಬಿ ತೋಳಿಗೆ ಕಟ್ಟಿಕೊಂಡು ಗುಡ್ಡ ಹತ್ತಿರಿ, ಮೇಲೆ ಸೇವಂತಿಗೆ ಹೂವಿನ ಮದ್ಯ ಕುಡಿಯಿರಿ ಎಂದ. ಅವರು ಹಾಗೆಯೇ ಮಾಡಿದರು. ಸಂಜೆ ಇಳಿದು ಬಂದು ನೋಡಿದರೆ ಮನೆಯ ಕೋಳಿ, ನಾಯಿ, ದನ, ಕುರಿ ಎಲ್ಲ ಸತ್ತು ಬಿದ್ದಿದ್ದವು. ಮನುಷ್ಯರ ಕೇಡು ಅವುಗಳ ಮೇಲೆ ಹೋಗಿತ್ತು. ಅಂದಿನಿಂದ ಆ ದಿನ ಜನ ಎತ್ತರದ ಜಾಗ ಹತ್ತುತ್ತಾರೆ, ಪದರ ಪದರದ ಸಿಹಿ ತಿನ್ನುತ್ತಾರೆ. ಹಿಂದಿನ ಕಾಲದಲ್ಲಿ ಎಲ್ಲರೂ ತಲೆಗೆ ಸೇವಂತಿಗೆ ಮುಡಿಯುತ್ತಿದ್ದರು. ಈಗ ಅದು ಹಿರಿಯರನ್ನು ಗೌರವಿಸುವ ದಿನವೂ ಆಗಿದೆ.”

ಸಾವಿತ್ರವ್ವ ಕೈಯಲ್ಲಿದ್ದ ಶೇಂಗಾದ ಮೊರ ಕೆಳಗಿಟ್ಟಳು.

“ಎಲ್ಲಾರೂ ಅಂದ್ರ?”

“ಎಲ್ಲಾರೂರಿ.”

“ಗಂಡಸರು?”

“ಹೂಂರಿ. ಗಂಡಸರೂ ಮುಡೀತಿದ್ರು.”

“ಗಂಡ ಇಲ್ಲದಾರು?”

ದೀಪಾಳ ಬೆರಳು ಸಾಲಿನ ಮೇಲೆ ನಿಂತಿತು. “ಅದನ್ನೇನ್ ಬ್ಯಾರೆ ಬರದಿಲ್ರಿ. ಎಲ್ಲಾರೂ ಅಂತ ಅಷ್ಟ ಐತಿ.”

“ಮತ್ತ ಇದು ಬರೂದು ಯಾವಾಗ?”

“ಈ ಸಲ ನಮ್ಮ ಖಂಡೇನವಮಿ ದಿನಾನ ಬಂದೈತ್ರಿ. ಅವರ ಒಂಬತ್ತು, ನಮ್ಮ ನವಮಿ, ಎರಡೂ ಒಂದ.”

ಸಾವಿತ್ರವ್ವ ಮತ್ತೆ ಮೊರ ಎತ್ತಿಕೊಂಡಳು. ಅವಳ ಕೈ ಶೇಂಗಾ ಆರಿಸುತ್ತಿತ್ತು, ತಲೆ ಗುಡ್ಡ ಹತ್ತುತ್ತಿತ್ತು. ನಮ್ಮ ಹಬ್ಬಕ್ಕೆ ನಮ್ಮ ಕಟ್ಟಳೆ ಇದೆ, ಸರಿ. ಚೀನಾದವರ ಹಬ್ಬಕ್ಕೆ ಕುಲಗೋಡದ ಕಟ್ಟಳೆ ಹೇಗೆ ನಡೆದೀತು?

ತೊಡಕು ಇದ್ದದ್ದು ಕೆಂಪವ್ವನದು. ಕೆಂಪವ್ವ ಸಾವಿತ್ರವ್ವನ ಮೈದುನ ಶೆಟ್ಟೆಪ್ಪನ ಹೆಂಡತಿ, ಪಕ್ಕದ ಮನೆಯವಳು. ಕೆಟ್ಟವಳಲ್ಲ. ಆದರೆ ನೇಮ ಅಂದರೆ ನೇಮ. ಒಮ್ಮೆ ಸವದತ್ತಿಗೆ ಹೊರಟ ಗಾಡಿಯನ್ನು ಅರ್ಧ ದಾರಿಯಿಂದ ತಿರುಗಿಸಿದ್ದಳು, ಉಡಿಯಲ್ಲಿ ಐದರ ಬದಲು ನಾಲ್ಕು ಅಡಿಕೆ ಇದ್ದವೆಂದು. “ಅರ್ಧಾ ಮಾಡಿದ ನೇಮ ಮಾಡದೇ ಇದ್ದದ್ದಕ್ಕಿಂತ ಕೆಟ್ಟ,” ಎಂಬುದು ಅವಳ ಮಾತು. ಸಾವಿತ್ರವ್ವ ಹೂವು ಇಟ್ಟ ಎರಡು ಸಲವೂ ಕೆಂಪವ್ವ ಗೋಡೆಯಾಚೆ ಕೆಮ್ಮಿದ್ದಳು. ಆ ಕೆಮ್ಮು ದೀಪಾಳಿಗೂ ಕೇಳಿಸಿತ್ತು.

ಶೆಟ್ಟೆಪ್ಪ ಆಗ ಕುರಿ ಹಿಂಡು ಹೊಡೆದುಕೊಂಡು ಹಿಡಕಲ್ ಕಡೆಯ ಗುಡ್ಡದ ಬುಡದಲ್ಲಿ ಬಿಡಾರ ಮಾಡಿದ್ದ. ನವಮಿಗೆ ಕೆಂಪವ್ವ ಹೋಳಿಗೆ ಕಟ್ಟಿಕೊಂಡು ಅಲ್ಲಿಗೆ ಹೋಗುವವಳಿದ್ದಳು.

“ನಾವೂ ಬರ್ತೇವಿ,” ಎಂದಳು ಸಾವಿತ್ರವ್ವ.

“ನಿನ್ನ ಮೊಣಕಾಲಾ?”

“ಮೊಣಕಾಲೂ ಬರ್ತಾವ.”

ನವಮಿಯ ಬೆಳಿಗ್ಗೆ ಮೂವರೂ ಗೋಕಾಕದಲ್ಲಿ ಇಳಿದರು. ಬಸ್ ನಿಲ್ದಾಣದ ತುಂಬ ಬಾಳೆಕಂಬ, ಚೆಂಡುಹೂವು, ಕುಂಕುಮ. ನಿಂತ ಬಸ್ಸುಗಳೆಲ್ಲ ಮದುಮಕ್ಕಳ ಹಾಗೆ ಕಾಣುತ್ತಿದ್ದವು. ಸಾವಿತ್ರವ್ವ ಹೂವಿನವಳ ಮುಂದೆ ಕೂತು ಎರಡು ಮಾರು ಸೇವಂತಿಗೆ ಅಳೆಸಿದಳು.

“ಭಾಳ ಆತಲ್ಲಬೇ, ಯಾರು ಮುಡಿಯೋರು?” ಹೂವಿನವಳು ಅವಳ ಬರಿಯ ತುರುಬು ನೋಡಿ ಕೇಳಿದಳು.

“ಚೀನಾದವರು.”

“ಯಾಕ, ಅಲ್ಲೆ ಹೂವಿಲ್ಲೇನು?”

“ಈ ಹೂವ ಅಲ್ಲೀದ ಅಂತ. ನನ್ನ ಸೊಸಿ ಓದ್ಯಾಳ.”

ಹೂವಿನವಳು ಬುಟ್ಟಿಯನ್ನು ಒಮ್ಮೆ ನೋಡಿಕೊಂಡಳು. “ಅದಕ್ಕ ಮೂರ ದಿನಕ್ಕ ಬಾಡ್ತಾವ ನೋಡು!”

ಹಿಡಕಲ್ ಬಸ್ಸಿನಲ್ಲಿ ಕೆಂಪವ್ವ ಬುಟ್ಟಿಯೊಳಗೆ ಇಣುಕಿದಳು. ತಾನು ಆಗಲೇ ಗೇಣುದ್ದದ ಸೇವಂತಿಗೆ ಮುಡಿದಿದ್ದಳು, ನೆತ್ತಿಯಿಂದ ಕಿವಿಯವರೆಗೆ.

“ಪೂಜಿಗಿ ಒಂದು ಮಾರು ಸಾಕಾಗ್ತಿತ್ತಲ್ಲಕ್ಕ. ಎರಡ್ಯಾಕ?”

“ಕುರಿಗೋಳು ಭಾಳ ಅದಾವಲ್ಲ,” ಎಂದುಬಿಟ್ಟಳು ಸಾವಿತ್ರವ್ವ. ಬಾಯಿಗೆ ಬಂದದ್ದು ಅದೇ.

ದೀಪಾ ಕಿಟಕಿಯಾಚೆ ನೋಡುತ್ತಿದ್ದಳು.

ಬಿಡಾರದಲ್ಲಿ ಶೆಟ್ಟೆಪ್ಪ ಸ್ನಾನ ಮಾಡಿ, ಒಗೆದ ರುಮಾಲು ಸುತ್ತಿ ಕಾದಿದ್ದ. ಅರವತ್ತು ದಾಟಿದ ಗಟ್ಟಿ ಆಳು. ಕಂಬಳಿ ಹಾಸಿ ಅದರ ಮೇಲೆ ನವಮಿಯ ಆಯುಧಪೂಜೆಗೆಂದು ತನ್ನ ಆಯುಧಗಳನ್ನೆಲ್ಲ ಸಾಲಾಗಿ ಇಟ್ಟಿದ್ದ: ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಕುಡಗೋಲು, ಹಾಲಿನ ಚರಿಗೆ, ನಲವತ್ತು ವರ್ಷದ ಬಿದಿರಿನ ಬಡಿಗೆ. ಕೊನೆಯಲ್ಲಿ ಮೊಬೈಲು. ಕೆಂಪವ್ವ ಒಂದು ಮಾರು ಸೇವಂತಿಗೆ ಹರಿದು ಎಲ್ಲಕ್ಕೂ ಏರಿಸಿ, ಕಾಯಿ ಒಡೆದು, ಕೈಮುಗಿದು ಸಾರಿದಳು:

“ನಾಳೆ ಬನ್ನಿ ಮುಡಿಯೂಮಟ ಇವನ್ನ ಯಾರೂ ಮುಟ್ಟಂಗಿಲ್ಲ.”

ಅದೇ ಹೊತ್ತಿಗೆ ಮೊಬೈಲು ರಿಂಗಣಿಸತೊಡಗಿತು. ಶೆಟ್ಟೆಪ್ಪನ ಕೈ ಮುಂದೆ ಹೋಯಿತು.

“ಹೂಂ?” ಎಂದಳು ಕೆಂಪವ್ವ.

ಕೈ ಹಿಂದೆ ಬಂತು. ಮೊಬೈಲು ಹೂವಿನಡಿಯಲ್ಲಿ ರಿಂಗಣಿಸಿ ರಿಂಗಣಿಸಿ ಸುಮ್ಮನಾಯಿತು.

ಊಟಕ್ಕೆ ಕೂತಾಗ ಸಾವಿತ್ರವ್ವ ಮೆಲ್ಲಗೆ ಮಾತು ತೆಗೆದಳು. “ದೀಪಾ, ಆ ಚೀನಾದ್ದು ಓದವಾ. ನಿಮ್ಮ ಕಾಕಾ ಕೇಳಲಿ.” ಸಿದ್ರಾಯ ಕಾಕಾ ಅನ್ನುತ್ತಿದ್ದ, ದೀಪಾಳೂ ಹಾಗೆಯೇ ಅನ್ನುತ್ತಿದ್ದಳು.

ದೀಪಾ ಓದಿದಳು. ಶೆಟ್ಟೆಪ್ಪ ರೊಟ್ಟಿ ಮುರಿಯುತ್ತ ತಲೆದೂಗುತ್ತಿದ್ದ. ಸೇವಂತಿಗೆಯ ಮದ್ಯ ಬಂದಾಗ “ಭೇಷ್” ಎಂದ. ಕೋಳಿ, ನಾಯಿ, ದನ, ಕುರಿ ಎಲ್ಲ ಸತ್ತವು ಎಂದಾಗ ಅಗಿಯುವುದು ನಿಂತಿತು.

“ಕೆಳಗ ಬಿಟ್ಟು ಹೋಗಿದ್ದನೇನ ಅಂವ?”

“ಹೂಂರಿ.”

“ಗುರುವು ಕೇಡು ಬರತೈತಿ ಅಂತ ಹೇಳ್ಯಾನ. ತನ್ನ ಹೆಂಡ್ರು ಮಕ್ಕಳನ್ನ ಕರ್ಕೊಂಡು ಮ್ಯಾಲ ಹೋಗಿ ಸೆರೆ ಕುಡ್ಕೋತ ಕುಂತಾನ. ಕುರಿ ಕೆಳಗ?”

“ಹಂಗ ಬರದೈತ್ರಿ, ಕಾಕಾ.”

“ಅಂವ ಕುರುಬ ಅಲ್ಲ ಬಿಡು,” ಶೆಟ್ಟೆಪ್ಪ ತೀರ್ಪು ಕೊಟ್ಟ. “ನಮ್ಮಾಂವ ಆಗಿದ್ರ ಮದಲ ಕುರಿ ಹತ್ತಿಸ್ತಿದ್ದ. ಹೆಂಡ್ತಿ ಹಿಂದಗಡೆ ಬರ್ತಿದ್ಲು.”

“ಹೌದೌದು, ನಿನಗ ಕುರೀನ ಹೆಂಡ್ತಿ,” ಎಂದಳು ಕೆಂಪವ್ವ. ಆದರೆ ಅವಳ ಮುಖದಲ್ಲಿ ಬೇರೆಯೇ ಚಿಂತೆ ಹೊಕ್ಕಿತ್ತು. “ದೀಪಾ, ಆ ಕೇಡು ಇವತ್ತಿನ ದಿನಾನ ಬರೂದೇನು?”

“ಇವತ್ತಿನ ದಿನಾನರಿ. ಖರೆ, ಅದು ಕಥಿರಿ ಸಣ್ಣತ್ತಿ.”

“ಕಥಿ ಅಂದ್ರ? ವ್ರತದ ಕಥಿ ಕೇಳಿ ವ್ರತಾ ಮಾಡದೇ ಎದ್ದಾಕಿ ಮನಿತನ ಹಾಳಾಗಿದ್ದು ನಾ ಎಷ್ಟ ಕೇಳೇನಿ. ಕೇಳಬಾರದಿತ್ತು. ಈಗ ಕೇಳೇವಿ. ಕೇಳಿದ ಮ್ಯಾಲ ಮಾಡಬೇಕ.”

ಸಾವಿತ್ರವ್ವ ಮೊಸರಿನ ಬಟ್ಟಲಿನೊಳಗೆ ನೋಡುತ್ತ ಕೂತಳು. ಯಾರನ್ನು ಹೇಗೆ ಒಪ್ಪಿಸಲಿ ಎಂದು ಮೂರು ರಾತ್ರಿ ನಿದ್ದೆಗೆಟ್ಟಿದ್ದಳೋ ಅವಳೇ ಎದ್ದು ಸೀರೆ ಕಚ್ಚೆ ಬಿಗಿಯುತ್ತಿದ್ದಳು.

“ಎಲ್ಲಾರೂ ಹೂವು ಮುಡೀಬೇಕಂತ,” ಎಂದಳು ಸಾವಿತ್ರವ್ವ, ಮೊಸರಿಗೇ ಹೇಳಿದಂತೆ.

ಕೆಂಪವ್ವ ಕಚ್ಚೆ ಬಿಗಿಯುವುದು ನಿಲ್ಲಿಸಿದಳು. ಸಾವಿತ್ರವ್ವನನ್ನು ನೋಡಿದಳು, ದೀಪಾಳನ್ನು ನೋಡಿದಳು. ಕೆಮ್ಮಿದಳು. “ಅದನ್ನ ಮ್ಯಾಲ ಹೋದ ಮ್ಯಾಲ ನೋಡೂಣು,” ಎಂದಳು.

ಸಾವಿತ್ರವ್ವ ತಯಾರಿ ಮಾಡಿಕೊಂಡೇ ಬಂದಿದ್ದಳು. ಸೆರಗಿನ ಗಂಟಿನಿಂದ ನಾಲ್ಕು ಪುಟ್ಟ ಕೆಂಪು ಚೀಲ ತೆಗೆದಳು. ಚೀನಾದ ಕಾಯಿ ಸಿಗದ್ದಕ್ಕೆ ಒಳಗೆ ಬಜೆಬೇರು ತುಂಬಿದ್ದಳು, ಹಸುಗೂಸಿನ ಕೈಗೆ ಕಟ್ಟುವಂಥದ್ದು. ಎಲ್ಲರ ತೋಳಿಗೂ ಕಟ್ಟಿದಳು. ಶೆಟ್ಟೆಪ್ಪ ತನ್ನ ನಾಯಿಗೂ ಒಂದು ಬೇಕೆಂದ, ಇಲ್ಲವೆಂದಾಗ ತನ್ನದನ್ನೇ ಬಿಚ್ಚಿ ಅದರ ಕೊರಳಿಗೆ ಕಟ್ಟಿದ. ಆಮೇಲೆ ಬುಟ್ಟಿಯಿಂದ ಒಂದು ಸೇವಂತಿಗೆ ಕಿತ್ತು ರುಮಾಲಿಗೆ ಸಿಕ್ಕಿಸಿಕೊಂಡು ಹಿಂಡಿನ ಕಡೆ ಹೊರಟ.

ಎಂಬತ್ತು ಕುರಿ. ಮುಂದೆ ಪೈಲ್ವಾನ ಎಂಬ ಟಗರು. ಶೆಟ್ಟೆಪ್ಪ ಅಭ್ಯಾಸದಂತೆ ಬಡಿಗೆಗೆ ಕೈ ಹಾಕಿದ.

“ಮುಟ್ಟಬ್ಯಾಡ!”

“ಏ ಕೆಂಪಿ, ಬಡಿಗಿ ಇಲ್ಲದ ಇವು ನನ್ನ ಮಾತು ಕೇಳ್ತಾವೇನ?”

“ನಾ ಬಡಿಗಿ ಇಲ್ಲದ ನಿನ್ನ ಮಾತು ಕೇಳಾಕತ್ತಿಲ್ಲೇನು ಮೂವತ್ತೈದು ವರ್ಷ? ಪೂಜಿಗಿ ಇಟ್ಟದ್ದು ಮುಟ್ಟಂಗಿಲ್ಲ. ಬಾಯಿಲೆ ಹೊಡಿ.”

ಶೆಟ್ಟೆಪ್ಪ ಬಾಯಿಂದಲೇ ಹೊಡೆದ. ಹಿರ್ರ್, ಟುರ್ರ್, ಬಾ ಬಾ ಎನ್ನುತ್ತ, ಕೈ ಬೀಸುತ್ತ, ಕೊನೆಗೆ ಕಂಬಳಿ ಬೀಸುತ್ತ. ಬಡಿಗೆಯಿಲ್ಲದ ಯಜಮಾನನನ್ನು ಕುರಿಗಳು ಬೇಗ ಗುರುತು ಹಿಡಿದವು. ಅರ್ಧ ಹಿಂಡು ಕಾರೀಗಿಡದ ಹಿಂದೆ ಹೋಯಿತು, ಇನ್ನರ್ಧ ಹೋಳಿಗೆಯ ಗಂಟು ಹೊತ್ತ ಕೆಂಪವ್ವನ ಹಿಂದೆ ಬಂತು. ಸಾವಿತ್ರವ್ವ ಮೊಣಕಾಲಿನ ಮೇಲೆ ಕೈಯೂರಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಹೂವಿನ ಬುಟ್ಟಿ ಮಾತ್ರ ಯಾರಿಗೂ ಕೊಡಲಿಲ್ಲ. ದೀಪಾ ಅವಳ ಮೊಣಕೈ ಹಿಡಿದುಕೊಂಡು, ಅವಳು ನಿಂತಾಗ ನಿಂತು, ನಡೆದಾಗ ನಡೆದಳು.

ಮೇಲೆ ಗಾಳಿ ಚೆನ್ನಾಗಿತ್ತು. ಕೆಳಗೆ ಹಿಡಕಲ್ ಅಣೆಕಟ್ಟಿನ ನೀರು ತುಂಬಿ ನಿಂತಿತ್ತು. ಆಚೆ ಹುಕ್ಕೇರಿ ರಸ್ತೆಯ ಮೇಲೆ ಹಾರ ಹಾಕಿದ ಲಾರಿಗಳು ಇರುವೆಯಷ್ಟಾಗಿ ಹೋಗುತ್ತಿದ್ದವು. ಸಾವಿತ್ರವ್ವ ಶೇಂಗಾ ಹೋಳಿಗೆಗಳನ್ನು ಒಂದರ ಮೇಲೊಂದು ಒಂಬತ್ತು ಪದರ ಪೇರಿಸಿಟ್ಟಳು. ದೀಪಾ ಮೂರು ಕಲ್ಲು ಹೂಡಿ, ಮನೆಯಿಂದ ತಂದ ಚರಿಗೆಯಲ್ಲಿ ನೀರಿಟ್ಟು, ಹಿಡಿ ಎಸಳು ಹಾಕಿ ಕುದಿಸಿದಳು. ಶೆಟ್ಟೆಪ್ಪ ಪಕ್ಕದಲ್ಲೇ ಕೂತ, ಕಣ್ಣು ಚರಿಗೆಯ ಮೇಲೆ.

“ಇದಕ್ಕ ಎಷ್ಟೊತ್ತಿಗೆ ನಶಾ ಬರತೈತಿ?”

“ಬರಂಗಿಲ್ರಿ ಕಾಕಾ. ಇದು ಹೂವಿನ ಚಾ. ಅವರು ಇದನ್ನೂ ಕುಡೀತಾರ.”

ಅವನು ಒಂದು ಗುಟುಕು ಕುಡಿದು ದೂರದ ನೀರು ನೋಡಿದ. “ನಾ ಸಣ್ಣಾಂವ ಇದ್ದಾಗ ಜ್ವರಾ ಬಂದ್ರ ನಮ್ಮವ್ವ ಇದನ್ನ ಕುಡಸ್ತಿದ್ಲು. ಆಗೂ ಹಬ್ಬ ಅಂತ ಸುಳ್ಳ ಹೇಳ್ತಿದ್ಲು.”

ಕೆಂಪವ್ವ ಕಿಸಕ್ಕನೆ ನಕ್ಕಳು. ಸಾವಿತ್ರವ್ವನೂ ನಕ್ಕು, ಈಗ ಹೊತ್ತಾಯಿತು, ಈಗಲೇ ಎಂದುಕೊಂಡು ಹಿಂದೆ ತಿರುಗಿ ಬುಟ್ಟಿಗೆ ಕೈ ಹಾಕಿದಳು.

ಕೈಗೆ ಸಿಕ್ಕದ್ದು ಪೈಲ್ವಾನನ ಮೂತಿ.

ಬುಟ್ಟಿಯಲ್ಲಿ ನಾರು ಉಳಿದಿತ್ತು. ಟಗರಿನ ಗಡ್ಡಕ್ಕೆ ಎರಡು ಹಳದಿ ಎಸಳು ಅಂಟಿದ್ದವು. ಅದರ ಸುತ್ತ ನಾಲ್ಕೈದು ಕುರಿಗಳು ಪ್ರಸಾದ ಸಿಕ್ಕವರಂತೆ ಸಮಾಧಾನದಿಂದ ಅಗಿಯುತ್ತಿದ್ದವು.

“ಕುರಿಗೋಳು ಭಾಳ ಅದಾವ ಅಂದಿದ್ದೆಲ್ಲ, ಬರೋಬ್ಬರಿ ಆತು,” ಎಂದಳು ಕೆಂಪವ್ವ.

ಸಾವಿತ್ರವ್ವ ಖಾಲಿ ಬುಟ್ಟಿ ಹಿಡಿದು ಅಲ್ಲೇ ಕೂತಳು. ಶೆಟ್ಟೆಪ್ಪ ಅವಳ ಮುಖ ನೋಡಿ, ರುಮಾಲಿನ ಹೂವು ತೆಗೆದು ಅವಳ ಅಂಗೈಯಲ್ಲಿಟ್ಟ. “ಹಿಡಿ ವೈನಿ. ಇದೊಂದು ಉಳದೈತಿ.”

ಒಂದು ಹೂವು. ಬೇಕಾಗಿದ್ದದ್ದೂ ಅಷ್ಟೇ ಅಲ್ಲವೇ? ಸಾವಿತ್ರವ್ವ ಎದ್ದು ದೀಪಾಳ ಹತ್ತಿರ ಹೋದಳು. ಕೈ ಎತ್ತಿದಳು. ಎತ್ತಿದ ಕೈ ಅಲ್ಲಿಯೇ ನಿಂತಿತು. ಅದು ಆ ಹನ್ನೊಂದನೆಯ ದಿನದ ಕೈ ಎಂಬುದು ಅವಳಿಗೂ ಗೊತ್ತಿತ್ತು, ದೀಪಾಳಿಗೂ ಗೊತ್ತಿತ್ತು.

ದೀಪಾ ಆ ಕೈಯಿಂದ ಹೂವು ತೆಗೆದುಕೊಂಡಳು.

“ಹಿರ್ಯಾರ ಹಬ್ಬರಿ ಇದು. ಹಿರ್ಯಾರಿಂದ ಸುರು.”

“ಏ, ನನಗ್ಯಾಕ? ನಾ ಮುದುಕಿ...”

“ನೀವು ಎರಡು ಸಲ ಕನ್ನಡಿ ಮುಂದ ಹೂವ ಇಟ್ರಿ. ಎರಡೂ ಸಲ ಒಂದ ಪಾಲು ಇಟ್ಟಿದ್ರಿ.” ಎರಡು ವರ್ಷದಲ್ಲಿ ದೀಪಾ ಓದದೆ ಆಡಿದ ಅತಿ ಉದ್ದದ ಮಾತು ಅದು. “ನೀವು ಒಲ್ಲೆ ಅಂದ್ರ ನಾನೂ ಒಲ್ಲೆ. ಆ ಕಡೆ ತಿರುಗ್ರಿ.”

ಸಾವಿತ್ರವ್ವ ತಿರುಗಿದಳು. ಹತ್ತೊಂಬತ್ತು ವರ್ಷದ ಮೇಲೆ ತುರುಬಿಗೆ ತಣ್ಣಗೆ ಏನೋ ತಾಗಿತು. ಹೂವಿಗೆ ಇಷ್ಟು ತೂಕವಿರುತ್ತದೆಂದು ಅವಳು ಮರೆತೇಬಿಟ್ಟಿದ್ದಳು. ಮುಂದೆ ನೀರು ಹರಡಿಕೊಂಡು ಬೆಳ್ಳಗೆ ಕಾಣುತ್ತಿತ್ತು. ಅದನ್ನೇ ನೋಡುತ್ತ ನಿಂತಳು, ಕೆಂಪವ್ವ ಕೆಮ್ಮುವುದನ್ನೇ ಕಾಯುತ್ತ. ಮತ್ತು ಇನ್ನೊಂದು ಹೂವಿಲ್ಲ ಎಂಬುದನ್ನು ನೆನೆಯುತ್ತ.

ಕೆಂಪವ್ವ ಕೆಮ್ಮಲಿಲ್ಲ. ಬೆರಳು ಮಡಚುತ್ತ ನಿಂತಿದ್ದಳು.

“ಒಂದು, ಎರಡು,” ಎಂದಳು ತನ್ನ ತಲೆ ಮತ್ತು ಸಾವಿತ್ರವ್ವನ ತಲೆ ತೋರಿಸಿ. “ಇನ್ನ ಇಬ್ಬರು ಬೋಳು. ದೀಪಾ, ಎಲ್ಲಾರೂ ಅಂತ ಬರದೈತಲ್ಲ?”

“ಹೂಂರಿ.”

“ಅರ್ಧಾ ಆತಲ್ಲ ಮತ್ತ! ಗುಡ್ಡಾ ಹತ್ತಿ, ಬಜಿ ಕಟ್ಟಿ, ಆ ಹಾಳ ಕಷಾಯ ಕುಡದು, ಇಲ್ಲಿಗೆ ಬಂದು ಅರ್ಧಕ್ಕ ಬಿಡೂದ?” ಅವಳು ತನ್ನ ನೆತ್ತಿಯ ಮಾಲೆಯನ್ನು ಪಿನ್ನಿನಿಂದ ಬಿಡಿಸಿದಳು. “ಬಡಿಗಿ ಮುಟ್ಟಬ್ಯಾಡ ಅಂದಾಕಿನೂ ನಾನ. ಬಡಿಗಿ ಇದ್ದಿದ್ರ ಆ ಟಗರು ಬುಟ್ಟಿಗಿ ಬಾಯಿ ಹಾಕ್ತಿತ್ತೇನು?” ಮಾಲೆಯನ್ನು ಹಲ್ಲಿನಿಂದ ಮೂರು ತುಂಡು ಮಾಡಿದಳು. ಒಂದನ್ನು ತಾನು ಮುಡಿದಳು, ಒಂದನ್ನು ಗಂಡನ ರುಮಾಲಿಗೆ ತುರುಕಿದಳು. ದೊಡ್ಡ ತುಂಡು ಕೈಯಲ್ಲಿ ಉಳಿಯಿತು.

ಮುತ್ತೈದೆ ತಾನು ಮುಡಿದದ್ದನ್ನು ಹೀಗೆ ಕೊಡುವುದನ್ನು ಸಾವಿತ್ರವ್ವ ಎಲ್ಲಿಯೂ ಕಂಡಿರಲಿಲ್ಲ.

“ಬಾ ಇಲ್ಲೆ,” ಎಂದಳು ಕೆಂಪವ್ವ.

ದೀಪಾ ಹೋಗಿ ಅವಳ ಮುಂದೆ ಬೆನ್ನು ಮಾಡಿ ಕೂತಳು. ಕೆಂಪವ್ವ ಕರುವಿಗೆ ಹಗ್ಗ ಕಟ್ಟುವವಳಂತೆ ಅವಳ ತಲೆ ಬಗ್ಗಿಸಿ ಹಿಡಿದಳು.

“ಕೂದಲಾ ಏನ್ ಮಾಡ್ಕೊಂಡಿ ಇದನ್ನ? ಇಲಿ ಬಾಲ ಆಗೇತಿ. ಎಣ್ಣಿ ಹಚ್ಚಂಗಿಲ್ಲೇನು?”

“ಹಚ್ಚಿಲ್ರಿ.”

“ಅಕ್ಕಾ, ಏನ್ ನೋಡಾಕತ್ತಿ ನಿಂತು? ಪಿನ್ನ ಕೊಡು!”

ಸಾವಿತ್ರವ್ವ ಪಿನ್ನು ಕೊಟ್ಟಳು. ತನ್ನ ಕೈಯಿಂದ ಆಗಬೇಕೆಂದಿದ್ದದ್ದು ಅಷ್ಟೇ ಆಯಿತು. ಬಾಯಿ ತೆರೆದರೆ ಎಲ್ಲ ಕೆಟ್ಟೀತೆಂದು ಒಂದು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು. ದೀಪಾ ಎದ್ದು, ಚರಿಗೆಯಲ್ಲಿ ಉಳಿದ ಚಹಾವನ್ನು ನಾಲ್ಕು ಲೋಟಕ್ಕೆ ಸಮನಾಗಿ ಬಗ್ಗಿಸಿದಳು. ತಲೆ ಬಗ್ಗಿಸಿದಾಗ ಹೂವು ಕಿವಿಯ ಮೇಲೆ ಜಾರಿತು. ಅದನ್ನು ಅವಳು ಎಡಗೈಯಿಂದ ಹಿಂದಕ್ಕೆ ಸರಿಸಿಕೊಂಡಳು, ಲೋಟದಿಂದ ಕಣ್ಣು ತೆಗೆಯದೆ, ದಿನಾಲು ಮಾಡುವವಳ ಹಾಗೆ.

ಇಳಿದು ಬಂದಾಗ ಬಿಸಿಲು ಹಳದಿಯಾಗಿತ್ತು. ಶೆಟ್ಟೆಪ್ಪ ಹಿಂಡು ಎಣಿಸಿದ, ಎಂಬತ್ತೂ ಇದ್ದವು. ನಾಯಿಯೂ ಇತ್ತು. “ನೋಡ್ರಿ,” ಎಂದ ಗೆದ್ದವನಂತೆ, “ಒಂದೂ ಸತ್ತಿಲ್ಲ. ಆ ಹ್ವಾನಪ್ಪಗ ಹೇಳೋರು ಇರಲಿಲ್ಲ, ಪಾಪ. ದೀಪಾ, ನಿನ್ನ ಪುಸ್ತಕದಾಗ ಇದನ್ನ ಸೇರಸು.”

“ಆತ್ರಿ ಕಾಕಾ.”

ಗೋಕಾಕದಲ್ಲಿ ಕುಲಗೋಡದ ಬಸ್ಸು ಹತ್ತಿದಾಗ ಊರಿನವರು ಐದಾರು ಮಂದಿ ಆಗಲೇ ಕೂತಿದ್ದರು. ಒಬ್ಬಿಬ್ಬರು ತಿರುಗಿ ನೋಡಿದರು, ಮತ್ತೆ ನೋಡಿದರು. ಗುಡ್ಡದ ಮೇಲಿನ ಮಾತು ಬೇರೆ. ಸಾವಿತ್ರವ್ವನ ಕೈ ತಾನಾಗಿ ತುರುಬಿನ ಕಡೆ ಹೋಯಿತು.

“ತಡಿ,” ಎಂದಳು ಕೆಂಪವ್ವ ಬಸ್ಸಿಗೆಲ್ಲ ಕೇಳುವಂತೆ. “ದೀಪಾ, ಇಳದ ಮ್ಯಾಲ ಹೂವ ತೆಗೀಬೇಕು ಅಂತ ಏನರ ಬರದೈತೇನು?”

ದೀಪಾ ಸ್ವಲ್ಪ ಯೋಚಿಸಿದಳು.

“ಇಲ್ರಿ ಸಣ್ಣತ್ತಿ. ತೆಗಿಯೂದ್ರ ಬಗ್ಗೆ ಎಲ್ಲೂ ಬರದಿಲ್ಲ.”

“ಬರದಿಲ್ಲ ಅಂದ್ರ ತೆಗಿಯಾಕ ಬರಂಗಿಲ್ಲ,” ಎಂದಳು ಕೆಂಪವ್ವ, ಮತ್ತು ಇಬ್ಬರನ್ನೂ ಕಿಟಕಿಯ ಕಡೆ ಒತ್ತಿ, ತಾನು ದಾರಿಯ ಬದಿಗೆ ಗಟ್ಟಿಯಾಗಿ ಕೂತಳು.